ದೀಪಾವಳಿಗೆ ಬರುವ ನೆಂಟರಿಗೆ ಆಕಾಶ ತೋರಿಸುವ ಬಗೆ: ಮಲೆನಾಡಿನವರ ಸಲಹೆ ಬೇಕು

ತೋಟದತಲೆ (ತೀರ್ಥಹಳ್ಳಿ), ಪ್ರಶ್ನೆ:

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿದೆ. ದೀಪಾವಳಿಗೆ ಬೆಂಗಳೂರಿನಿಂದಲೂ ಶಿವಮೊಗ್ಗದಿಂದಲೂ ಅಣ್ಣತಮ್ಮಂದಿರ ಸಂಸಾರಗಳು ಬಂದು ಸೇರಿದರೆ ಹದಿನೆಂಟು ಜನರಾಗುತ್ತೇವೆ. ಕಳೆದ ವರ್ಷ, ಅಂದರೆ 2025ರ ಬಲಿಪಾಡ್ಯಮಿಯ ರಾತ್ರಿ, ಮೋಡ ಸರಿದ ಸ್ವಲ್ಪ ಹೊತ್ತಿನಲ್ಲೇ ಎಲ್ಲರನ್ನೂ ಅಂಗಳಕ್ಕೆ ಕರೆದು, ಹೊಸದಾಗಿ ಕೊಂಡಿದ್ದ ದೂರದರ್ಶಕದಲ್ಲಿ ಶನಿಯ ಬಳೆಯನ್ನು ತೋರಿಸುತ್ತೇನೆಂದು ದೊಡ್ಡದಾಗಿ ಹೇಳಿಬಿಟ್ಟೆ. ಶನಿ ಸಿಕ್ಕುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಒಬ್ಬರು ನೋಡಿ ಏಳುವಷ್ಟರಲ್ಲಿ ಸ್ಟ್ಯಾಂಡ್ ಅಲುಗಿ ಮುಂದಿನವರಿಗೆ ಅದು ತಪ್ಪಿಹೋಗುತ್ತಿತ್ತು. ಕೊನೆಗೆ ನೋಡಿದ ಅಣ್ಣನ ಮಗಳು, "ಬಳೆ ಎಲ್ಲಿದೆ ಚಿಕ್ಕಪ್ಪ, ಕಡ್ಡಿಗೆ ಚುಚ್ಚಿದ ಬಟಾಣಿಯ ಹಾಗಿದೆಯಲ್ಲ" ಎಂದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಇದರ ನಡುವೆ, ಕತ್ತಲಾಗಲೆಂದು ಜಗುಲಿಯ ದೀಪಗಳನ್ನು ಆರಿಸಲು ಹೋದಾಗ, ಹಬ್ಬದ ದಿನ ದೀಪ ಆರಿಸುತ್ತಾರೆಯೇ ಎಂದು ಅಮ್ಮ ಗದರಿದರು.

ಈ ಸಲ ಹೀಗಾಗಬಾರದು. ಹಬ್ಬವನ್ನೂ ಆಕಾಶವನ್ನೂ ಒಟ್ಟಿಗೆ ಹೊಂದಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಬ್ಯಾಣದಂಚು (ಹೊಸನಗರ):

ಮೊದಲು ನಿಮ್ಮ ದೂರದರ್ಶಕದ ಮೇಲಿನ ಆರೋಪವನ್ನು ತೆಗೆದುಹಾಕೋಣ. ಸುಮಾರು ಹದಿನೈದು ವರ್ಷಗಳಿಗೊಮ್ಮೆ ಶನಿಯ ಬಳೆಗಳು ಭೂಮಿಯ ಕಡೆಗೆ ಅಂಚು ಮಾಡಿಕೊಂಡು ನಿಲ್ಲುತ್ತವೆ. ಅವುಗಳ ಅಗಲ ಎಷ್ಟೇ ಇದ್ದರೂ ದಪ್ಪ ತೀರಾ ಕಡಿಮೆಯಾದ್ದರಿಂದ ಆಗ ಒಂದು ಗೆರೆಯಷ್ಟೇ ಕಾಣುತ್ತದೆ. 2025 ಅಂಥದೊಂದು ವರ್ಷವಾಗಿತ್ತು. ಆ ಹುಡುಗಿ ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದಾಳೆ, ಅವಳನ್ನು ಬಿಡಬೇಡಿ. ಇನ್ನು ಮುಂದೆ ಬಳೆಗಳು ವರ್ಷದಿಂದ ವರ್ಷಕ್ಕೆ ಓರೆಯಾಗುತ್ತ ಹೋಗಿ 2032ರ ಹೊತ್ತಿಗೆ ಪೂರ್ತಿ ತೆರೆದುಕೊಳ್ಳುತ್ತವೆ. ಈ ದೀಪಾವಳಿಗೇ ಕಡ್ಡಿ ಹೋಗಿ ಬಳೆಯ ಆಕಾರ ಬಂದಿರುತ್ತದೆ.

ಆದರೂ ಹದಿನೆಂಟು ಜನರನ್ನು ಒಂದು ಕಿಂಡಿಯ ಮುಂದೆ ಸಾಲಾಗಿ ನಿಲ್ಲಿಸುವುದು ನನಗೆ ಸರಿಯೆನಿಸುವುದಿಲ್ಲ, ಅದು ಪಡಿತರದ ಸರದಿಯಂತಾಗುತ್ತದೆ. ನಾವು ಹತ್ತು ಪಟ್ಟು ಹಿಗ್ಗಿಸುವ, ಐವತ್ತು ಮಿಲಿಮೀಟರ್ ಮಸೂರದ ಸಾಧಾರಣ ಬೈನಾಕ್ಯುಲರ್ ಒಂದನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಅದರಲ್ಲಿ ಶನಿಯ ಬಳೆ ಕಾಣುವುದಿಲ್ಲ ಎಂಬುದು ನಿಜ. ಆದರೆ ರಾತ್ರಿ ಒಂಬತ್ತರ ಹೊತ್ತಿಗೆ ಪೂರ್ವದಲ್ಲಿ ಮೇಲೇರಿರುವ ಕೃತ್ತಿಕೆಯನ್ನು ಅದರಲ್ಲಿ ನೋಡಿದವರು ಬೈನಾಕ್ಯುಲರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬರಿಗಣ್ಣಿಗೆ ಆರು ಚುಕ್ಕಿಗಳಿರುವಲ್ಲಿ ಹತ್ತಾರು ನಕ್ಷತ್ರಗಳು ತುಂಬಿಕೊಂಡಿರುತ್ತವೆ. ಕಾರ್ತಿಕ ಮಾಸಕ್ಕೆ ಆ ಹೆಸರು ಬಂದದ್ದೇ ಆ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಬಳಿ ಇರುವುದರಿಂದ ಎಂದು ಹೇಳಿದರೆ ಪಂಚಾಂಗ ನೋಡುವ ಹಿರಿಯರೂ ಹೊರಗೆ ಬರುತ್ತಾರೆ. ಈಶಾನ್ಯದಲ್ಲಿ ಇನ್ನೂ ಮೇಲೆ ದೇವಯಾನಿ ಗೆಲಾಕ್ಸಿ ಬತ್ತಿಯ ಹೊಗೆಯಷ್ಟು ಮಸುಕಾಗಿ ಕಾಣುತ್ತದೆ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಸುಮಾರು 25 ಲಕ್ಷ ವರ್ಷ ಬೇಕು.

ಇನ್ನು ಹೊತ್ತಿನ ವಿಷಯ. ನಕ್ಷತ್ರ ನೋಡುವ ಕಾರ್ಯಕ್ರಮ ಎಂದು ಬೇರೆ ಇಟ್ಟುಕೊಳ್ಳಬೇಡಿ. ನಮ್ಮ ಹಬ್ಬಗಳಲ್ಲಿ ಕಾಯುವ ಹೊತ್ತು ಧಾರಾಳವಾಗಿ ಇದೆ. ಪಾಡ್ಯದ ರಾತ್ರಿ ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರು ನಮ್ಮ ಮನೆಗೆ ಬರುವುದು ಹನ್ನೊಂದಾದರೂ ಆಯಿತು, ಒಂದಾದರೂ ಆಯಿತು. ದೀಪಕ್ಕೆ ಹಾಕುವ ಎಣ್ಣೆ, ಕೊಡುವ ಅಕ್ಕಿ ಎಲ್ಲವನ್ನೂ ಜಗುಲಿಯಲ್ಲಿ ಸಿದ್ಧವಾಗಿಟ್ಟು, ಎಚ್ಚರವಾಗಿರಲೆಂದೇ ಮಕ್ಕಳನ್ನು ಕರೆದುಕೊಂಡು ಮನೆಯ ಹಿಂದಿನ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಹೋಗಿ ಕಂಬಳಿ ಹಾಸಿ ಮಲಗುತ್ತೇವೆ. ಪಾಡ್ಯದ ಚಂದ್ರ ಸಂಜೆಯೇ ಮುಳುಗಿರುತ್ತಾನೆ. ಕೆಳಗಿನ ಗದ್ದೆಯ ಬದುವಿನ ಮೇಲೆ ಅವರ ದೀಪ ಒಂದು ಕಡೆ ಮರೆಯಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತ ಬರುವುದು ಮೇಲಿನಿಂದ ಕಂಡ ಕೂಡಲೇ ಎದ್ದು ಮನೆಗೆ ಓಡುತ್ತೇವೆ.

ಅಮ್ಮನ ಮಾತನ್ನು ಮೀರಬೇಡಿ. ಹಣತೆಗಳು ಉರಿಯಲಿ, ಮನೆಯ ಹಿಂಬದಿಗೆ ಅವುಗಳ ಬೆಳಕು ಬರುವುದೇ ಇಲ್ಲ. ತೊಂದರೆ ಕೊಡುವುದು ಅಡಿಕೆ ಕಾಯಲು ಹಾಕಿದ ದೊಡ್ಡ ಎಲ್‌ಇಡಿ. ಅದಕ್ಕೆ ಪೂಜೆ ಮಾಡಿದವರು ಯಾರೂ ಇಲ್ಲವಲ್ಲ.

ಹಸೆಚಿತ್ತಾರ (ಸೊರಬ):

ದೀಪಾವಳಿಗೆ ಮುಂಚೆ ಬರುವ ಭೂಮಿ ಹುಣ್ಣಿಮೆಯನ್ನು ಎಲ್ಲರೂ ಮರೆತಿರಿ. ಹುಣ್ಣಿಮೆಯಂದು ನಕ್ಷತ್ರ ಹುಡುಕುವುದು ವ್ಯರ್ಥ ಎಂಬುದನ್ನು ಒಪ್ಪುತ್ತೇನೆ. ಆದರೆ ನಮ್ಮ ಮನೆಯಲ್ಲಿ ಇಡೀ ಸಂಸಾರ ಒಟ್ಟಿಗೆ ಆಕಾಶ ನೋಡುವುದು ಅದೊಂದೇ ದಿನ, ಅದೂ ಯಾರೂ ಕರೆಯದೆ. ರಾತ್ರಿಯೆಲ್ಲ ಅಡುಗೆ ಮಾಡಿ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಚರಗವನ್ನು, ಅಂದರೆ ಭೂಮಿಗೆ ಅರ್ಪಿಸುವ ಅಡುಗೆಯನ್ನು, ತುಂಬಿಕೊಂಡು, ಬೆಳಗಿನ ಜಾವ ಗದ್ದೆಗೆ ಹೋಗಿ ಬೀರುತ್ತೇವೆ. ಬೀರಿ ಮುಗಿಸಿ ತಿರುಗುವ ಹೊತ್ತಿಗೆ ಪಶ್ಚಿಮದಲ್ಲಿ ಚಂದ್ರ ಮುಳುಗುತ್ತಿರುತ್ತಾನೆ, ಪೂರ್ವ ಕೆಂಪಾಗಿರುತ್ತದೆ. ಭೂಮಿಯ ಒಂದು ಕಡೆಗೆ ಸೂರ್ಯ, ಅದರ ಎದುರಿಗೆ ಚಂದ್ರ ಇದ್ದರೆ ಮಾತ್ರ ಹುಣ್ಣಿಮೆಯಾಗುತ್ತದೆ ಎಂಬುದನ್ನು ನನ್ನ ಮಗ ಪುಸ್ತಕದ ಚಿತ್ರದಿಂದ ಕಲಿಯಲಿಲ್ಲ. ಬದುವಿನ ಮೇಲೆ ಎರಡೂ ಕೈ ಚಾಚಿ ನಿಂತು, "ಅಮ್ಮ, ನಾವು ಮಧ್ಯದಲ್ಲಿದ್ದೇವೆ" ಎಂದ. ಆ ಹೊತ್ತಿಗೆ ಅವನ ಕಾಲು ಕೆಸರಿನಲ್ಲಿ ಪಾದ ಮುಳುಗುವಷ್ಟು ಹೂತಿತ್ತು, ಅದು ಬೇರೆ ಮಾತು.

ಮೆಟ್ಟುಗತ್ತಿ (ಸಾಗರ):

ಮೇಲಿನ ಇಬ್ಬರೂ ಹೇಳಿದ್ದು ಚೆನ್ನಾಗಿದೆ, ಆದರೆ ಮಲೆನಾಡಿನಲ್ಲಿ ದೀಪಾವಳಿಯ ಹೊತ್ತಿನ ಮೋಡವನ್ನು ನಂಬಿ ನೆಂಟರಿಗೆ ಮಾತು ಕೊಡುವುದು ಸಾಹಸವೇ ಸರಿ. ಆಕಾಶಕ್ಕಾಗಿಯೇ ಒಂದು ರಾತ್ರಿ ಬೇಕೆಂದರೆ ನಾನು ಡಿಸೆಂಬರ್ 13, 14ನ್ನು ಆರಿಸುತ್ತೇನೆ. ಅದು ಜೆಮಿನಿಡ್ ಉಲ್ಕಾವೃಷ್ಟಿಯ ಕಾಲ, ನಮ್ಮಲ್ಲಿ ಅಡಿಕೆ ಸುಲಿಯುವ ಕಾಲವೂ ಹೌದು. ಸಾಮಾನ್ಯವಾಗಿ ಉಲ್ಕೆಗಳಿಗೆ ಧೂಮಕೇತು ಮೂಲವಾದರೆ, ಇವಕ್ಕೆ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ ಮೂಲ. 2026ರಲ್ಲಿ ಆ ರಾತ್ರಿಗಳಂದು ಎಳೆಯ ಚಂದ್ರ ಹತ್ತು, ಹತ್ತೂವರೆಯ ಹೊತ್ತಿಗೆ ಮುಳುಗುತ್ತಾನೆ, ಪುನರ್ವಸು ನೆತ್ತಿಯ ಕಡೆಗೆ ಏರುತ್ತಿರುತ್ತದೆ. ಉಲ್ಕೆಗಳು ಹರಡುವುದು ಅದರ ಆಸುಪಾಸಿನಿಂದಲೇ. ಯಾವ ಉಪಕರಣವೂ ಬೇಡ, ಸರದಿಯೂ ಇಲ್ಲ.

ಒಂದು ತೊಡಕಿದೆ. ಆ ಕಾಲಕ್ಕೆ ಅಂಗಳಕ್ಕೆಲ್ಲ ಅಡಿಕೆ ಒಣಗಿಸುವ ಚಪ್ಪರ ಹಾಕಿರುವುದರಿಂದ ಅಲ್ಲಿ ಕುಳಿತವರಿಗೆ ಆಕಾಶವೇ ಇರುವುದಿಲ್ಲ. ಮೊದಲ ವರ್ಷ ನಾನು ಇದನ್ನು ಯೋಚಿಸದೆ, ಸುಲಿಯುತ್ತಿದ್ದವರನ್ನೆಲ್ಲ ಪ್ರತಿ ಉಲ್ಕೆಗೂ ಕೂಗಿ ಎಬ್ಬಿಸಿ ಬೈಸಿಕೊಂಡಿದ್ದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತವರನ್ನು ಹಾಗೆ ಬೆಚ್ಚಿಸಲೂಬಾರದು. ಈಗ ಹನ್ನೊಂದಕ್ಕೆ ಸುಲಿತ ನಿಲ್ಲಿಸಿ, ಕಷಾಯದ ಪಾತ್ರೆಯೊಂದಿಗೆ ಕೊಯ್ಲಾದ ಗದ್ದೆಗೆ ಇಳಿಯುತ್ತೇವೆ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಅಷ್ಟರವರೆಗೆ ಯಾರೂ ಮೊಬೈಲ್ ತೆಗೆಯುವಂತಿಲ್ಲ. ದಾರಿಗೆ ಮಾತ್ರ ಕೆಂಪು ಬಟ್ಟೆ ಕಟ್ಟಿದ ಟಾರ್ಚು ಇರಲೇಬೇಕು, ಹಾವಿಗೆ ಉಲ್ಕೆಯ ವಿಚಾರ ಗೊತ್ತಿಲ್ಲ. ತಲೆಗೆ ಟೋಪಿ ಇಲ್ಲದಿದ್ದರೆ ಇಬ್ಬನಿಗೆ ಮರುದಿನ ಮನೆಮಂದಿಯೆಲ್ಲ ಸೀನುತ್ತಾರೆ.

ಧ್ರುವ ನಕ್ಷತ್ರ ತೋರಿಸುತ್ತೇನೆಂದು ಯಾರಿಗೂ ಹೇಳಬೇಡಿ. ನಮ್ಮ ಅಕ್ಷಾಂಶದಲ್ಲಿ ಅದು ದಿಗಂತದಿಂದ ಸುಮಾರು 14 ಡಿಗ್ರಿ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟೇ ಎತ್ತರದಲ್ಲಿರುತ್ತದೆ. ಕಣಿವೆಯ ಮನೆಗಳಿಗೆ ಉತ್ತರದ ಗುಡ್ಡ ಅದಕ್ಕಿಂತ ಎತ್ತರವಾಗಿರುತ್ತದೆ. ಮದುವೆಯಲ್ಲಿ ಹಾಡುಹಗಲೇ ಅರುಂಧತಿಯನ್ನು ತೋರಿಸುವ ನಮ್ಮ ಪುರೋಹಿತರಿಗೆ ಮಾತ್ರ ಈ ತೊಂದರೆಯಿಲ್ಲ.

ತೋಟದತಲೆ (ತೀರ್ಥಹಳ್ಳಿ):

ಮೂವರಿಗೂ ಧನ್ಯವಾದಗಳು. ಶನಿಯ ವಿಷಯವನ್ನು ಅಣ್ಣನ ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಹಾಗಾದರೆ ನಾನು ಹೇಳಿದ್ದೇ ಸರಿ ತಾನೇ ಎಂದಳು. ಬೈನಾಕ್ಯುಲರನ್ನು ಶಿವಮೊಗ್ಗದ ಗೆಳೆಯನಿಂದ ಎರವಲು ತರುತ್ತೇನೆ. ಹಣತೆ ಉರಿಯಲಿ, ಎಲ್‌ಇಡಿ ಆರಿಸುತ್ತೇವೆ ಎಂದಾಗ ಅಮ್ಮ ಅನುಮತಿ ಕೊಟ್ಟರು. ಆದರೆ ಅಂಟಿಗೆ-ಪಂಟಿಗೆಯವರು ಬರುವಾಗ ಮನೆಯಲ್ಲಿ ಯಾರೂ ಇಲ್ಲದಂತಾಗಬಾರದು, ಆದ್ದರಿಂದ ಜಗುಲಿಯಲ್ಲಿ ಒಬ್ಬರು ಕುಳಿತೇ ಇರಬೇಕೆಂದು ಷರತ್ತು ಹಾಕಿದ್ದಾರೆ. ಆ ಒಬ್ಬರು ಯಾರೆಂಬ ಚರ್ಚೆ ನಮ್ಮ ಕುಟುಂಬದ ವಾಟ್ಸ್‌ಆಪ್ ಗುಂಪಿನಲ್ಲಿ ಈಗಲೇ ಶುರುವಾಗಿದೆ.