ಸಹಾಯ ಬೇಕು: ಬಾರ್ ಮಿಟ್ಜ್ವಾಗೆ ಕರೆದಿದ್ದಾರೆ, ಮುಯ್ಯಿ ಯಾವಾಗ ಕೊಡೋದು?

ನಮಸ್ಕಾರ. ನಾವಿರೋದು ನ್ಯೂಜೆರ್ಸಿಯಲ್ಲಿ. ಮಗನ ಯೆಹೂದಿ ಗೆಳೆಯನಿಗೆ 13 ತುಂಬಿದೆ, ಈ ಶನಿವಾರ ಬೆಳಿಗ್ಗೆ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಬಾರ್ ಮಿಟ್ಜ್ವಾ. ಹುಡುಗ ಧರ್ಮದ ಹೊಣೆ ಹೊರೋ ವಯಸ್ಸಿಗೆ ಬಂದ ಅಂತ ಮಾಡೋ ಶಾಸ್ತ್ರ ಇದು. ನಮ್ಮ ಉಪನಯನದ ಥರ ಅಂದ್ಕೊಂಡಿದ್ದೆ, ಆದ್ರೆ ಇಲ್ಲಿ ಹುಡುಗನೇ ಎಲ್ಲರ ಮುಂದೆ ನಿಂತು ಅವರ ಧರ್ಮಗ್ರಂಥ ತೋರಾನ ಹೀಬ್ರೂನಲ್ಲಿ ಓದ್ಬೇಕಂತೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದಾನೆ ಪಾಪ. ನಮ್ಮನೇಲೇ ಆಡಿ ಬೆಳೆದ ಮಗು. ಅವರ ಶಾಸ್ತ್ರಕ್ಕೆ ನಮ್ಮಿಂದ ಚ್ಯುತಿ ಬರಬಾರದು.

ಆಮಂತ್ರಣದ ಜೊತೆ ಅತಿಥಿಗಳಿಗೆ ಅಂತ ಒಂದು ಚೀಟಿ ಇತ್ತು: ಗಂಡಸರು ತಲೆಗೆ ಕಿಪ್ಪಾ ಅನ್ನೋ ಪುಟ್ಟ ಟೋಪಿ ಹಾಕ್ಕೋಬೇಕು, ಬಾಗಿಲ ಹತ್ರಾನೇ ಇಟ್ಟಿರ್ತಾರೆ; ಫೋನು, ಫೋಟೋ ಬೇಡ. ಇಷ್ಟು ಅರ್ಥವಾಯ್ತು. ಮುಯ್ಯಿ 18ರ ಲೆಕ್ಕದಲ್ಲಿ ಕೊಡ್ತಾರೆ, ಹೀಬ್ರೂನಲ್ಲಿ ಜೀವ ಅನ್ನೋ ಅರ್ಥದ ಪದದ ಅಕ್ಷರಗಳ ಬೆಲೆ ಕೂಡಿದರೆ 18 ಆಗುತ್ತೆ ಅಂತ ಆಫೀಸಿನ ಗೆಳತಿ ಹೇಳಿದ್ಲು. 180 ಡಾಲರ್‌ಗೆ ಚೆಕ್ ಬರೆದಿಟ್ಟೆ. ಆಮೇಲೆ ಗೊತ್ತಾಯ್ತು, ಶಬ್ಬತ್‌ನಲ್ಲಿ, ಅಂದ್ರೆ ಅವರ ವಾರದ ವಿಶ್ರಾಂತಿ ದಿನ, ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗೋವರೆಗೆ, ಆಚರಣೆ ಪಾಲಿಸೋರು ದುಡ್ಡು ಮುಟ್ಟಲ್ಲ ಅಂತ. ಮುಯ್ಯಿ ವಿಷಯಾನ ಕರೆದವರನ್ನೇ ಹೇಗೆ ಕೇಳೋದು? ಬಾಯೇ ಬರ್ತಿಲ್ಲ.

ಹೋಗಿ ಬಂದವರು ದಯವಿಟ್ಟು ಹೇಳಿ: ಚೆಕ್ಕನ್ನ ಶುಕ್ರವಾರಕ್ಕೆ ಮುಂಚೆಯೇ ಅವರ ಮನೆಗೆ ತಲುಪಿಸ್ಲಾ, ಇಲ್ಲ ಭಾನುವಾರ ಹೋಗಿ ಕೊಡ್ಲಾ?