ಸ್ಲೀಪ್ ಅಪ್ನಿಯಾ ಇರುವವರ ಗಂಟಲು ಪರೀಕ್ಷೆಗೆ ಯಾವ ಮಂಪರು ಔಷಧಿ ಸುರಕ್ಷಿತ?

ಪ್ರಶ್ನೆ (ಸಕಲೇಶಪುರ): ನಮ್ಮ ತಂದೆಯವರಿಗೆ ತೀವ್ರ ಸ್ಲೀಪ್ ಅಪ್ನಿಯಾ ಇದೆ. ಮಂಪರಿನಲ್ಲಿ ಮಲಗಿಸಿ, ಮೂಗಿನಿಂದ ಎಂಡೋಸ್ಕೋಪ್ ಇಳಿಸಿ, ಗಂಟಲು ಎಲ್ಲಿ ಮುಚ್ಚಿಕೊಳ್ಳುತ್ತದೆಂದು ನೋಡಬೇಕೆಂದು ಹಾಸನದ ತಜ್ಞರು ಹೇಳಿದ್ದಾರೆ. ನಿದ್ರೆಯಲ್ಲೇ ಉಸಿರು ಕಟ್ಟುವವರಿಗೆ ಮಂಪರು ಅಪಾಯವಲ್ಲವೇ?

ಉತ್ತರ (ಅರಿವಳಿಕೆ ವೈದ್ಯ, ಹಾಸನ): ಅಪಾಯವಿದೆ, ಆದ್ದರಿಂದಲೇ ಔಷಧಿಯ ಆಯ್ಕೆಯಷ್ಟೇ ಅದನ್ನು ಕೊಡುವ ವೇಗವೂ ಮುಖ್ಯ. ಪ್ರೊಪೊಫಾಲ್ ಬೇಗ ಹತ್ತಿ ಬೇಗ ಇಳಿಯುತ್ತದೆ, ಆದರೆ ಪ್ರಮಾಣ ಸ್ವಲ್ಪ ಹೆಚ್ಚಾದರೂ ಗಂಟಲಿನ ಸ್ನಾಯುಗಳು ಸಹಜ ನಿದ್ರೆಗಿಂತ ಹೆಚ್ಚು ಸಡಿಲಗೊಂಡು, ಉಸಿರಾಟವೂ ಕುಗ್ಗಿ, ಕಾಣುವ ಚಿತ್ರವೇ ತಪ್ಪಾಗಬಹುದು. ಡೆಕ್ಸ್‌ಮೆಡಿಟೊಮಿಡಿನ್ ಉಸಿರಾಟವನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ. ಮೊದಲ ಪ್ರಮಾಣವನ್ನು ಸಾಮಾನ್ಯವಾಗಿ 10 ನಿಮಿಷ ನಿಧಾನವಾಗಿ ಹರಿಸುತ್ತೇವೆ. ನಾಡಿ ಮತ್ತು ರಕ್ತದೊತ್ತಡ ಇಳಿಯುವುದು ಅದರ ದೋಷ. ಮಿಡಜೋಲಾಮ್‌ಗೆ ಫ್ಲುಮಜೆನಿಲ್ ಎಂಬ ಪ್ರತ್ಯೌಷಧವಿದ್ದರೂ ಮಂಪರು ಹೆಚ್ಚು ಹೊತ್ತು ಎಳೆಯುತ್ತದೆ, ನನಗೆ ಅದು ಕೊನೆಯ ಆಯ್ಕೆ.

ಪ್ರಶ್ನೆ ಕೇಳಿದವರು: ಅವರು ಬಿ.ಪಿ.ಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ.

ಉತ್ತರ (ಅದೇ ವೈದ್ಯ): ಹಾಗಿದ್ದರೆ, ಆ ಮಾತ್ರೆಯೂ ನಾಡಿಯನ್ನು ನಿಧಾನಗೊಳಿಸುವುದರಿಂದ, ಡೆಕ್ಸ್‌ಮೆಡಿಟೊಮಿಡಿನ್‌ನಲ್ಲಿ ನಾಡಿ ಇನ್ನಷ್ಟು ನಿಧಾನವಾದೀತು, ಮಾತ್ರೆಯನ್ನು ನೀವೇ ನಿಲ್ಲಿಸದೆ, ಮೊದಲೇ ತಿಳಿಸಿ.

ಉತ್ತರ (ಶುಶ್ರೂಷಕಿ, ಚಿಕ್ಕಮಗಳೂರು): ಕ್ಯಾಪ್ನೋಗ್ರಾಫ್ (ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಯಂತ್ರ) ಇದೆಯೇ ಎಂದೂ ಕೇಳಿ. ಉಸಿರು ಕಟ್ಟಿದಾಗ ಅದರ ಅಲೆ ತಕ್ಷಣ ಚಪ್ಪಟೆಯಾಗುತ್ತದೆ. ಬೆರಳಿನ ಆಕ್ಸಿಜನ್ ಅಂಕಿ ಇಳಿಯುವುದು ಆಮೇಲೆ. ಪರೀಕ್ಷೆಗೆ 6 ಗಂಟೆ ಮೊದಲಿನಿಂದ ಊಟ-ತಿಂಡಿ ಬೇಡ, ಹಾಲು ಹಾಕಿದ ಕಾಫಿಯೂ ಅದೇ ಲೆಕ್ಕಕ್ಕೆ ಸೇರುತ್ತದೆ. ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಯಂತ್ರ ಮನೆಯಲ್ಲಿದ್ದರೆ ಅದನ್ನು ಮರೆಯದೆ ತನ್ನಿ, ಎಚ್ಚರವಾಗುವ ಹೊತ್ತಿಗೆ ಬೇಕಾಗಬಹುದು.