ಸಮೀಪದೃಷ್ಟಿಗೆ ಲೇಸರ್ ಆದ ಮೇಲೆ: ಕಣ್ಣಿನ ತಜ್ಞರ ಜೊತೆ ಪ್ರಶ್ನೋತ್ತರ

ಈ ವಾರ ಗುಂಪಿನಲ್ಲಿ ಉತ್ತರಿಸುವವರು ಒಬ್ಬರು ನೇತ್ರತಜ್ಞೆ, ಒಬ್ಬರು ಆಪ್ಟೋಮೆಟ್ರಿಸ್ಟ್ (ದೃಷ್ಟಿ, ನಂಬರ್ ಪರೀಕ್ಷಿಸುವವರು). ಆಪರೇಷನ್‌ಗೆ ಮುಂಚಿನ ಪ್ರಶ್ನೆಗಳು ಇಲ್ಲಿ ಬೇಡ, ಆದ ಮೇಲಿನವು ಮಾತ್ರ.

ಪ್ರಶ್ನೆ: ಮೇಡಂ, ತಂಗಿಗೆ −5.5 ಇತ್ತು. ಮೊನ್ನೆ ಶುಕ್ರವಾರ ಎರಡೂ ಕಣ್ಣಿಗೆ ಲಾಸಿಕ್ ಲೇಸರ್ ಆಯ್ತು. ಬಿಳಿಗುಡ್ಡೆ ಮೇಲೆ ಕೆಂಪು ಮಚ್ಚೆ ಇದೆ, ಅಮ್ಮನಿಗೆ ಗಾಬರಿ. ತಲೆಸ್ನಾನ, ಅಡುಗೆ ಯಾವಾಗಿಂದ ಮಾಡಬಹುದು?

ನೇತ್ರತಜ್ಞೆ: ಮಚ್ಚೆಗೆ ಹೆದರಬೇಡಿ. ಕಣ್ಣು ಅಲ್ಲಾಡದಂತೆ ಹಿಡಿಯುವ ಸಕ್ಷನ್ ರಿಂಗ್ ಒತ್ತಿದ್ದಕ್ಕೆ ಸಣ್ಣ ರಕ್ತನಾಳ ಒಡೆದಿರುತ್ತದೆ. ಎರಡು ವಾರದಲ್ಲಿ ಹಳದಿಗೆ ತಿರುಗಿ ಮಾಯವಾಗುತ್ತದೆ.

ನಿಜವಾಗಿ ಕಾಯಬೇಕಾದ್ದು ಫ್ಲ್ಯಾಪನ್ನು. ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಗಾಜಿನಂಥ ಭಾಗ) ಮೇಲ್ಪದರವನ್ನು 100ರಿಂದ 120 ಮೈಕ್ರಾನ್ ದಪ್ಪಕ್ಕೆ ಸೀಳಿ, ಪುಸ್ತಕದ ಹಾಳೆಯಂತೆ ಮಗುಚಿ, ಕೆಳಗೆ ಲೇಸರ್ ಕೊಟ್ಟು ಮತ್ತೆ ಮುಚ್ಚಿರುತ್ತಾರೆ. ಹೊಲಿಗೆ ಇಲ್ಲ. ಅಂಚು ಒಂದೆರಡು ದಿನದಲ್ಲಿ ಮುಚ್ಚಿಕೊಂಡರೂ ಒಳಗಿನ ಬೆಸುಗೆ ಎಂದೂ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ. ಅದಕ್ಕೇ ಕಣ್ಣು ಉಜ್ಜಬೇಡಿ ಅಂತ ಬಡಿದುಕೊಳ್ಳುವುದು. ಎಚ್ಚರವಿದ್ದಾಗ ಹೇಗೋ ನೆನಪಿರುತ್ತದೆ, ನಿದ್ದೆಯಲ್ಲಿ ಇರುವುದಿಲ್ಲ. ಆದ್ದರಿಂದ ಒಂದು ವಾರ ರಾತ್ರಿ ಪ್ಲಾಸ್ಟಿಕ್ ಶೀಲ್ಡ್‌ಗೆ ಟೇಪ್ ಹಾಕಿಯೇ ಮಲಗಲಿ.

ತಲೆಸ್ನಾನ ಒಂದು ವಾರ ಬೇಡ. ತಡೆಯಲಾಗದಿದ್ದರೆ ತಲೆ ಹಿಂದಕ್ಕೆ ವಾಲಿಸಿ ಬೇರೆಯವರು ತೊಳೆಯಲಿ. ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಡುಗೆ ಮಾಡಬಹುದು, ಆದರೆ ಮೆಣಸಿನಕಾಯಿ ಒಗ್ಗರಣೆ, ಸೌದೆ ಒಲೆಯ ಹೊಗೆ ಬೇಡ. ಘಾಟು ತಗುಲಿದ ಕೂಡಲೇ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಕಾಡಿಗೆ ಎರಡು ವಾರ, ಈಜು ಒಂದು ತಿಂಗಳು ಬೇಡ. ನೋವು ಇಳಿಯುವ ಬದಲು ಏರಿದರೆ, ದೃಷ್ಟಿ ನಿನ್ನೆಗಿಂತ ಮಂಜಾದರೆ, ಪಿಸಿರು ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ, ಅವತ್ತೇ ತೋರಿಸಿ.

ಪ್ರಶ್ನೆ: ನನ್ನದು ಪಿಆರ್‌ಕೆ. ರೂಮ್‌ಮೇಟ್‌ದು ಲಾಸಿಕ್, ಮಾರನೇ ದಿನವೇ ಫೋನ್ ಓದ್ತಿದ್ದ. ನನಗೆ ಐದನೇ ದಿನವೂ ಮಸುಕು. ಏನೋ ಎಡವಟ್ಟಾಗಿದೆಯಾ?

ನೇತ್ರತಜ್ಞೆ: ಇಲ್ಲ. ನಿಮಗೆ ಫ್ಲ್ಯಾಪ್ ಮಾಡಿಲ್ಲ, ಕಾರ್ನಿಯಾದ ಮೇಲಿನ ತೆಳು ಚರ್ಮವನ್ನೇ ಕೆರೆದು ತೆಗೆದು ಲೇಸರ್ ಕೊಟ್ಟಿದ್ದಾರೆ. ಅದು ಹೊಸದಾಗಿ ಬೆಳೆಯಲು 4–5 ದಿನ ಬೇಕು, ಅಲ್ಲಿಯವರೆಗೆ ಬ್ಯಾಂಡೇಜ್ ಲೆನ್ಸ್ (ಗಾಯ ಮುಚ್ಚುವ ಕಾಂಟ್ಯಾಕ್ಟ್ ಲೆನ್ಸ್) ಇರುತ್ತದೆ. ಬೆಳೆದ ಚರ್ಮ ನುಣುಪಾಗಲು ಇನ್ನೂ ಕೆಲವು ವಾರ. ಲೆನ್ಸ್ ಜಾರಿ ಬಿದ್ದರೆ ನೀವೇ ಮತ್ತೆ ಹಾಕಿಕೊಳ್ಳಬೇಡಿ. ಬಿಸಿಲಿಗೆ ಹೋಗುವಾಗ ಯುವಿ ತಡೆಯುವ ಕಪ್ಪು ಕನ್ನಡಕ ಕೆಲವು ತಿಂಗಳು ಬೇಕೇ ಬೇಕು, ಇಲ್ಲದಿದ್ದರೆ ಕಾರ್ನಿಯಾ ಮೇಲೆ ಬೆಳ್ಳಗೆ ಮಂಜು ಕಟ್ಟಬಹುದು.

ಪ್ರಶ್ನೆ: ಸರ್, ಲಾಸಿಕ್ ಆಗಿ ಎರಡು ತಿಂಗಳು. ಮಧ್ಯಾಹ್ನ ಮೂರರ ಹೊತ್ತಿಗೆ ಕಂಪ್ಯೂಟರ್ ಮುಂದೆ ಕಣ್ಣಲ್ಲಿ ಮರಳು ಬಿದ್ದ ಹಾಗೆ, ಆಮೇಲೆ ನೀರು ಸುರಿಯುತ್ತೆ. ಒಣಗಿದೆ ಅಂತಾರೆ. ಇಷ್ಟು ನೀರು ಬರುವಾಗ ಒಣಗಿರೋದು ಹೇಗೆ? ಅಜ್ಜಿ ನಂದಿಬಟ್ಟಲು ಹೂವಿನ ನೀರು ಬಿಡು ಅಂತಿದ್ದಾರೆ.

ಆಪ್ಟೋಮೆಟ್ರಿಸ್ಟ್: ಅಜ್ಜಿಗೆ ನಮಸ್ಕಾರ ಹೇಳಿ, ಆದರೆ ಹೂವಿನ ನೀರು, ಜೇನು, ಹರಳೆಣ್ಣೆ ಯಾವುದೂ ಈ ಕಣ್ಣಿಗೆ ಬೇಡ. ಅವುಗಳಲ್ಲಿ ಯಾವ ಕ್ರಿಮಿ ಇದೆಯೆಂದು ನೋಡಿ ಹೇಳಲು ಬರುವುದಿಲ್ಲ.

ಫ್ಲ್ಯಾಪ್ ಸೀಳುವಾಗ ಕಾರ್ನಿಯಾದ ನರಗಳೂ ತುಂಡಾಗುತ್ತವೆ. "ಒಣಗುತ್ತಿದೆ, ನೀರು ಬೇಕು" ಎಂದು ಕಣ್ಣೀರ ಗ್ರಂಥಿಗೆ ಸುದ್ದಿ ಮುಟ್ಟಿಸುವುದು ಆ ನರಗಳೇ. ಸುದ್ದಿ ಸರಿಯಾಗಿ ಹೋಗದೆ ದಿನವಿಡೀ ಬರಬೇಕಾದ ತೆಳು ತೇವ ಕಡಿಮೆಯಾಗುತ್ತದೆ, ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಉರಿ ಮಿತಿಮೀರಿದಾಗ ಒಮ್ಮೆಲೇ ನೀರು ಸುರಿಯುತ್ತದೆ. ಅದು ಕೆನ್ನೆಗೆ ಇಳಿದುಹೋಗುವ ನೀರು, ಕಣ್ಣಿನ ಮೇಲೆ ನಿಲ್ಲುವ ಪದರವಲ್ಲ. ನರಗಳು ಚಿಗುರಲು 6ರಿಂದ 12 ತಿಂಗಳು ಬೇಕು. ಅಲ್ಲಿಯವರೆಗೆ ಕೃತಕ ಕಣ್ಣೀರು.

ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕುವುದಾದರೆ ಪ್ರಿಸರ್ವೇಟಿವ್ ಇಲ್ಲದ್ದೇ ತೆಗೆದುಕೊಳ್ಳಿ. ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಇರುವ ಬಾಟಲಿಯನ್ನು ಹೀಗೆ ಪದೇಪದೇ ಬಳಸಿದರೆ ಅದೇ ಕಣ್ಣಿನ ಮೇಲ್ಪದರವನ್ನು ಕೆರಳಿಸುತ್ತದೆ. 0.5% ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಅಥವಾ 0.1% ಸೋಡಿಯಂ ಹೈಯಲುರೋನೇಟ್, ಎರಡೂ ನಡೆಯುತ್ತವೆ. ಸಣ್ಣ ಪ್ಲಾಸ್ಟಿಕ್ ಕಡ್ಡಿಯಂಥ ಒಂಟಿ ಡೋಸ್ ಪ್ಯಾಕ್ ಒಡೆದರೆ ಅದೇ ದಿನ ಮುಗಿಸಿ, ಉಳಿದದ್ದನ್ನು ನಾಳೆಗೆ ಇಡಬೇಡಿ. ಉರಿ ಶುರುವಾದ ಮೇಲೆ ಹಾಕುವುದಲ್ಲ. ನಿಮಗೆ ಮೂರಕ್ಕೆ ಶುರುವಾದರೆ ಎರಡೂವರೆಗೇ ಹಾಕಿ.

ಹಾಕುವ ರೀತಿ: ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಅಲ್ಲಾಗುವ ಜೇಬಿಗೆ ಒಂದೇ ಹನಿ. ಎರಡನೇ ಹನಿ ನಿಲ್ಲಲು ಜಾಗವಿಲ್ಲ, ಹೊರಚೆಲ್ಲುತ್ತದೆ. ತುದಿ ರೆಪ್ಪೆಗೂದಲಿಗೆ ತಾಗಬಾರದು. ಕಣ್ಣು ಹಗುರವಾಗಿ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿಹಿಡಿಯಿರಿ, ಇಲ್ಲದಿದ್ದರೆ ಔಷಧಿ ಗಂಟಲಿಗೆ ಇಳಿದು ಕಹಿಯಾಗುತ್ತದೆ. ಬೇರೆ ಹನಿ ಇದ್ದರೆ 5 ನಿಮಿಷ ಬಿಟ್ಟು ಹಾಕಿ. ನೀರಿನಂಥದ್ದು ಮೊದಲು, ಜೆಲ್ ಕೊನೆಗೆ.

ಇನ್ನೊಂದು ವಿಷಯ, ನಮ್ಮ ಮನೆಗಳಲ್ಲಿ ಮಂಚದ ನೆತ್ತಿಗೇ ಫ್ಯಾನ್ ಇರುತ್ತದೆ. ಎಷ್ಟೋ ಜನರ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಮುಚ್ಚಿರುವುದಿಲ್ಲ. ಬೆಳಿಗ್ಗೆ ಎದ್ದಾಗಲೇ ಉರಿಯಿದ್ದರೆ ಕಂಪ್ಯೂಟರನ್ನು ಬೈಯ್ಯುವ ಮೊದಲು ಮಂಚ ಸರಿಸಿ ನೋಡಿ.

ಮರುಪ್ರಶ್ನೆ: ಆಪರೇಷನ್ ಆದಾಗ ಕೊಟ್ಟ ಬಿಳಿ ಡ್ರಾಪ್ಸ್ ಹಾಕಿದ್ರೆ ಉರಿ ಪಟ್ ಅಂತ ಹೋಗುತ್ತೆ. ಮೆಡಿಕಲ್‌ನಲ್ಲಿ ಚೀಟಿ ಇಲ್ಲದೇ ಕೊಡ್ತಾರೆ. ಅದನ್ನೇ ಹಾಕ್ಕೊಳ್ಲಾ?

ನೇತ್ರತಜ್ಞೆ: ಬೇಡವೇ ಬೇಡ. ಕುಲುಕಿ ಹಾಕಬೇಕಾದ ಆ ಬಿಳಿ ಹನಿ ಸ್ಟೀರಾಯ್ಡ್. ಲಾಸಿಕ್‌ಗೆ ಒಂದೆರಡು ವಾರ, ಪಿಆರ್‌ಕೆಗೆ ಎರಡು ಮೂರು ತಿಂಗಳು ಇಳಿಸುತ್ತಾ ಬಂದು ನಿಲ್ಲಿಸುವಂಥದ್ದು. ಮುಂದುವರಿಸಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಬರುತ್ತದೆ, ಪೊರೆಯೂ ಬೇಗ ಬರುತ್ತದೆ. ಲೇಸರ್ ಆದ ಕಣ್ಣಿಗೆ ಇನ್ನೊಂದು ಮೋಸ ಇದೆ. ಕಾರ್ನಿಯಾ ತೆಳುವಾಗಿರುವುದರಿಂದ ಒತ್ತಡ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಎಲ್ಲೇ ಪ್ರೆಶರ್ ನೋಡಿಸಿದರೂ "ಲೇಸರ್ ಆಗಿದೆ" ಎಂದು ನೀವಾಗಿಯೇ ಹೇಳಿ.

ಪ್ರಶ್ನೆ: ರಾತ್ರಿ ಎದುರಿನ ಗಾಡಿ ಲೈಟ್ ಸುತ್ತ ಬಳೆ ಬಳೆ ಕಾಣುತ್ತೆ. ಹಗಲಲ್ಲಿ 6/6, ಪೂರ್ತಿ ಸರಿ.

ಆಪ್ಟೋಮೆಟ್ರಿಸ್ಟ್: ಲೇಸರ್ ತಿದ್ದಿದ ವೃತ್ತ ಸಾಮಾನ್ಯವಾಗಿ 6ರಿಂದ 6.5 ಮಿಲಿಮೀಟರ್. ಹರೆಯದವರ ಪಾಪೆ ಕತ್ತಲಲ್ಲಿ ಅದಕ್ಕಿಂತ ದೊಡ್ಡದಾದರೆ ಅಂಚಿನ ಬೆಳಕು ಬೇರೆ ಕಡೆ ಚದುರುತ್ತದೆ. ಬಹುತೇಕರಿಗೆ 3–6 ತಿಂಗಳಲ್ಲಿ ತಗ್ಗುತ್ತದೆ. ಆದರೆ ಎಲ್ಲ ಬಳೆಗಳೂ ಇದರಿಂದಲ್ಲ. ಒಂದು ಪರೀಕ್ಷೆ ಮಾಡಿ. ಬೀದಿದೀಪ ನೋಡುತ್ತಾ ಕೃತಕ ಕಣ್ಣೀರು ಒಂದು ಹನಿ ಹಾಕಿ ನಾಲ್ಕು ಸಲ ರೆಪ್ಪೆ ಬಡಿಯಿರಿ. ಬಳೆ ಚಿಕ್ಕದಾದರೆ ದೋಷ ಒಣಗಿದ್ದರಲ್ಲಿದೆ. ಕದಲದಿದ್ದರೆ ನಂಬರ್ ನೋಡಿಸಿ, −0.5 ಉಳಿದಿದ್ದರೂ ರಾತ್ರಿ ಹೊತ್ತು ಕಾಡುತ್ತದೆ. ರಾತ್ರಿ ಓಡಿಸಲು ಮಾತ್ರ ಒಂದು ಕನ್ನಡಕ ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಹೆಲ್ಮೆಟ್‌ನ ಗೀರುಬಿದ್ದ ವೈಸರ್ ಕೂಡ ಬದಲಿಸಿ.

ಪ್ರಶ್ನೆ: ಮೂರು ವರ್ಷದ ಮೇಲೆ −0.75 ಬಂದಿದೆ, ಜೊತೆಗೆ ಸಿಲಿಂಡರ್. ಮತ್ತೆ ಲೇಸರ್ ಮಾಡಿಸಬಹುದಾ?

ನೇತ್ರತಜ್ಞೆ: ಮೊದಲು ಟೊಪೋಗ್ರಫಿ, ಅಂದರೆ ಕಾರ್ನಿಯಾ ಮೇಲ್ಮೈಯ ನಕ್ಷೆ ತೆಗೆಸಿ. ಬರೀ ಮೈನಸ್ ಬಂದಿದ್ದರೆ ಅಷ್ಟು ಚಿಂತೆ ಇಲ್ಲ, ಹೊಸದಾಗಿ ಸಿಲಿಂಡರ್ (ಕಾರ್ನಿಯಾ ಎಲ್ಲ ಕಡೆ ಒಂದೇ ಸಮ ಬಾಗಿರದ ದೋಷ) ಬರುತ್ತಿದ್ದರೆ ಕಾರ್ನಿಯಾ ಸಡಿಲಾಗಿ ಉಬ್ಬುತ್ತಿದೆಯೇ ಎಂದು ನೋಡಲೇಬೇಕು. ಉಬ್ಬುತ್ತಿದ್ದರೆ ಇನ್ನೊಮ್ಮೆ ಕೆತ್ತುವುದು ತಪ್ಪು. ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆ ಮಾಡಿ ಕಾರ್ನಿಯಾವನ್ನು ಗಟ್ಟಿಮಾಡಬೇಕು. ಉಬ್ಬದಿದ್ದರೆ ಲೆಕ್ಕ ಹಾಕಿ. 530 ಮೈಕ್ರಾನ್ ದಪ್ಪದ ಕಾರ್ನಿಯಾದಲ್ಲಿ ಫ್ಲ್ಯಾಪ್‌ಗೆ 110, −5ಕ್ಕೆ ನಂಬರ್ ಒಂದಕ್ಕೆ 15ರಂತೆ 75 ಹೋದರೆ ಕೆಳಗೆ ಉಳಿಯುವುದು 345. ಅದು 250ಕ್ಕಿಂತ ಕೆಳಗೆ ಇಳಿಯಲೇಬಾರದು, ಈಗ ಬಹಳ ಜನ 300 ಉಳಿಸುತ್ತಾರೆ. ಜಾಗ ಇದೆ ಎಂದಮಾತ್ರಕ್ಕೆ ಮಾಡಿಸಲೇಬೇಕೆಂದಿಲ್ಲ, −0.75ಕ್ಕೆ ನಾನಾದರೆ ಕನ್ನಡಕವನ್ನೇ ಬರೆಯುತ್ತೇನೆ.

ಪ್ರಶ್ನೆ: ಅಕ್ಕನಿಗೆ 43. −2 ಇತ್ತು, ಲೇಸರ್ ಆದ ಮೇಲೆ ಸೂಜಿಗೆ ದಾರ ಪೋಣಿಸಲು ಆಗ್ತಿಲ್ಲ. ಮೊದಲು ಕನ್ನಡಕ ತೆಗೆದು ಮಾಡ್ತಿದ್ರು.

ಆಪ್ಟೋಮೆಟ್ರಿಸ್ಟ್: ಅದು ಚಾಳೀಸು, ಲೇಸರ್ ತಂದದ್ದಲ್ಲ. −2 ಕಣ್ಣು ಕನ್ನಡಕ ತೆಗೆದರೆ ಅರ್ಧ ಮೀಟರ್ ದೂರಕ್ಕೆ ತಾನೇ ಹೊಂದಿಕೊಂಡಿರುತ್ತದೆ. ಆ ಸೌಕರ್ಯ ಲೇಸರ್‌ನಿಂದ ಹೋಯಿತು. ಓದಲು +1ರ ಆಸುಪಾಸಿನ ಕನ್ನಡಕ ಸಾಕಾಗಬಹುದು, ಸೂಜಿಗೆ ಸ್ವಲ್ಪ ಹೆಚ್ಚು ಬೇಕು.

ಪ್ರಶ್ನೆ: −7 ಇದ್ದದ್ದು ಈಗ ಸೊನ್ನೆ. ಇನ್ನು ಕಣ್ಣಿನ ಡಾಕ್ಟ್ರ ಹತ್ತಿರ ಕೆಲಸ ಇಲ್ಲ ಅಲ್ವಾ? ಲೇಸರ್ ಬಿಸಿಗೆ ರೆಟಿನಾ (ಕಣ್ಣಿನ ಹಿಂದಿನ ಪರದೆ) ಸುಡುತ್ತೆ ಅಂತ ಒಬ್ಬರು ಹೆದರಿಸಿದ್ರು.

ನೇತ್ರತಜ್ಞೆ: ಸುಡುವುದಿಲ್ಲ. ಇದು 193 ನ್ಯಾನೋಮೀಟರ್‌ನ ಯುವಿ ಬೆಳಕು, ಕಾರ್ನಿಯಾದ ಮೇಲ್ಮೈಯಲ್ಲೇ ಹೀರಿಹೋಗುತ್ತದೆ. ಸುತ್ತಲಿನದನ್ನು ಸುಡದೆ ಕೆತ್ತಬಲ್ಲದು ಎಂದು 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ ಮೊದಲು ಪ್ರಯತ್ನಿಸಿದ್ದು.

ಆದರೆ ಡಾಕ್ಟರ ಹತ್ತಿರ ಕೆಲಸ ಇದೆ. ಸಾಮಾನ್ಯ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್, −7ರವರದ್ದು 26 ದಾಟಿರಬಹುದು. ಲೇಸರ್ ಮುಂದಿನ ಗಾಜನ್ನು, ಅಂದರೆ ಕಾರ್ನಿಯಾವನ್ನು, ಚಪ್ಪಟೆ ಮಾಡಿದೆ ಅಷ್ಟೆ, ಉದ್ದ ಹಾಗೇ ಇದೆ. ಹಿಂದೆ ರೆಟಿನಾ ಎಳೆದು ತೆಳುವಾಗಿರುವುದೂ ಹಾಗೇ ಇದೆ. ವರ್ಷಕ್ಕೊಮ್ಮೆ ಹನಿ ಹಾಕಿ ಪಾಪೆ ಅಗಲಿಸಿ ನೋಡಿಸಿ. ಅವತ್ತು ಕೆಲವು ಗಂಟೆ ಮಸುಕಿರುತ್ತದೆ, ಗಾಡಿ ತರಬೇಡಿ. ಕತ್ತಲಲ್ಲಿ ಮಿಂಚು ಹೊಡೆದಂತಾದರೆ, ಒಮ್ಮೆಲೇ ಕಪ್ಪು ಚುಕ್ಕಿಗಳ ಹಿಂಡು ಕಂಡರೆ, ಪಕ್ಕದಿಂದ ಪರದೆ ಇಳಿದಂತಾದರೆ ಅವತ್ತೇ ಬನ್ನಿ. ನೋವಿರುವುದಿಲ್ಲ, ಅದಕ್ಕೇ ಜನ ತಡಮಾಡುತ್ತಾರೆ.

ಪ್ರಶ್ನೆ: ತಮ್ಮ ರೈಲ್ವೆ ಅಸಿಸ್ಟೆಂಟ್ ಲೋಕೋ ಪೈಲಟ್‌ಗೆ ಓದ್ತಿದ್ದಾನೆ. ಲೇಸರ್ ಆಗಿದ್ರೆ ತೊಂದರೆನಾ?

ಆಪ್ಟೋಮೆಟ್ರಿಸ್ಟ್: ಆ ಹುದ್ದೆಗೆ ಲಾಸಿಕ್ ಆದವರು ಅನರ್ಹರು. ಮುಚ್ಚಿಟ್ಟರೂ ಟೊಪೋಗ್ರಫಿಯಲ್ಲಿ ಕಾಣುತ್ತದೆ. ಬೇರೆ ಹುದ್ದೆಗಳ ಪ್ರಕಟಣೆಯಲ್ಲಿ ವೈದ್ಯಕೀಯ ವರ್ಗ ಯಾವುದೆಂದು ಓದಿ ಅರ್ಜಿ ಹಾಕಲಿ.

ಪ್ರಶ್ನೆ: ಆಸ್ಪತ್ರೆ ಫೈಲ್ ಎಷ್ಟು ವರ್ಷ ಇಡಬೇಕು? ಮನೆ ಬದಲಿಸ್ತಿದ್ದೀವಿ, ರದ್ದಿಗೆ ಹಾಕೋಣ ಅಂತಿದ್ದೆ.

ನೇತ್ರತಜ್ಞೆ: ಹಾಕಬೇಡಿ. ಅರವತ್ತರ ಆಸುಪಾಸಿನಲ್ಲಿ ಪೊರೆ ಆಪರೇಷನ್ ಆಗುವಾಗ ಬೇಕು. ಒಳಗೆ ಕೂರಿಸುವ ಲೆನ್ಸ್‌ನ ಪವರ್ ಲೆಕ್ಕಕ್ಕೆ ಕಾರ್ನಿಯಾದ ಬಾಗು ಅಳೆಯುತ್ತೇವೆ. ಲೇಸರ್ ಆದ ಕಾರ್ನಿಯಾದಲ್ಲಿ ಮಾಮೂಲಿ ಯಂತ್ರ ಬಾಗನ್ನು ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಲೆನ್ಸ್ ಹಾಕಿದರೆ ಪವರ್ ಸಾಲದೆ ಪ್ಲಸ್ ನಂಬರ್ ಉಳಿಯುತ್ತದೆ. ಲೇಸರ್ ಆದವರಿಗೆಂದೇ ಬ್ಯಾರೆಟ್ ಟ್ರೂ-ಕೆ, ಹೈಗಿಸ್-ಎಲ್ ಎಂಬ ಸೂತ್ರಗಳಿವೆ, ಆದರೆ ಲೇಸರ್ ಆಗಿದೆ ಎಂದು ಡಾಕ್ಟರಿಗೆ ಗೊತ್ತಿದ್ದರೆ ತಾನೇ ಅವು ನೆನಪಾಗುವುದು. ಮೂರು ಹಾಳೆ ಸಾಕು: ಲೇಸರ್‌ಗೆ ಮುಂಚಿನ ನಂಬರ್, ಮುಂಚಿನ ಕೆರಟೋಮೆಟ್ರಿ (ಕಾರ್ನಿಯಾದ ಬಾಗಿನ ಅಳತೆ) ಮತ್ತು ಕಾರ್ನಿಯಾದ ದಪ್ಪ, ಆದ ಮೇಲೆ ನಿಂತ ನಂಬರ್. ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಉಳಿದ ಬಿಲ್ಲುಗಳನ್ನು ಬೇಕಾದರೆ ರದ್ದಿಗೆ ಹಾಕಿ.